ಬೇಸಿಗೆಯಲ್ಲಿ ಬೈಕಿನ ಗಾಳಿ ಇಳಿಸಬೇಕೇ?



ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಪಂಕ್ಚರ್ ಅಂಗಡಿಗಳ ಮುಂದೆ ಒಂದು ಮಾತು ಕೇಳಿಬರುತ್ತದೆ: "ಬಿಸಿಲು ಜಾಸ್ತಿ, ಗಾಳಿ ಸ್ವಲ್ಪ ಕಮ್ಮಿ ಇರಲಿ, ಇಲ್ಲಾಂದ್ರೆ ಟೈರ್ ಒಡೆದೀತು." ಈ ನಂಬಿಕೆ ಅಪಾಯದ್ದು. ಬಿಸಿಲಿನಲ್ಲಿ ಟೈರಿಗೆ ಹೆಚ್ಚು ಕುತ್ತು ತರುವುದು ಕಡಿಮೆ ಗಾಳಿಯೇ.

ಚಕ್ರ ಉರುಳುವಾಗ ನೆಲಕ್ಕೆ ತಾಗಿದ ಕಡೆ ಟೈರಿನ ಪಕ್ಕೆ ಬಾಗುತ್ತದೆ, ಮೇಲೆದ್ದಾಗ ನೆಟ್ಟಗಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇದು ಸೆಕೆಂಡಿಗೆ ಎಂಟೊಂಬತ್ತು ಸಲ ನಡೆಯುತ್ತದೆ. ತಂತಿಯನ್ನು ಹಿಂದೆಮುಂದೆ ಬಗ್ಗಿಸಿದರೆ ಬಿಸಿಯಾಗುವ ಹಾಗೆ ರಬ್ಬರೂ ಕಾಯುತ್ತದೆ. ಗಾಳಿ ಕಡಿಮೆಯಾದಷ್ಟೂ ಬಾಗು ಹೆಚ್ಚು, ಕಾವೂ ಹೆಚ್ಚು. ಇದರ ಜೊತೆಗೆ ಕಾದ ಡಾಂಬರು, ಹಿಂದೆ ಕೂತವರ ಭಾರ, ಮಡಿಲಲ್ಲೊಂದು ಚೀಲ. ಕೊನೆಗೆ ರಬ್ಬರು ಮತ್ತು ಒಳಗಿನ ನೂಲಿನ ಪದರಗಳು ಒಂದರಿಂದೊಂದು ಬಿಡುತ್ತವೆ. ಓಡುತ್ತಿರುವ ಬೈಕಿನ ಮುಂದಿನ ಟೈರು ಹಾಗೆ ಹೋದರೆ ಹ್ಯಾಂಡಲ್ ಕೈಯಲ್ಲಿ ನಿಲ್ಲುವುದು ಬಲು ಕಷ್ಟ.

ಬಿಸಿಗೆ ಗಾಳಿಯ ಒತ್ತಡ ಏರುವುದು ನಿಜ. ಒಳಗಿನ ಗಾಳಿ 20 ಡಿಗ್ರಿ ಕಾದರೆ 28 ಪಿಎಸ್‌ಐ ಇದ್ದದ್ದು ಸುಮಾರು 31 ಆಗುತ್ತದೆ. ಕಂಪನಿಯವರು ಇದನ್ನು ಲೆಕ್ಕ ಹಿಡಿದೇ ತಣ್ಣನೆಯ ಟೈರಿನ ಅಳತೆ ಕೊಟ್ಟಿರುತ್ತಾರೆ. ದೂರದಿಂದ ಓಡಿಸಿಕೊಂಡು ಬಂಕಿಗೆ ಬಂದು, 31 ಕಂಡು, ಗಾಳಿ ಬಿಟ್ಟು 28ಕ್ಕೆ ತಂದರೆ ಮರುದಿನ ಬೆಳಿಗ್ಗೆ ಅದು 25ರ ಹತ್ತಿರ ಇರುತ್ತದೆ. ಆದ್ದರಿಂದ ಗಾಳಿ ನೋಡಿಸುವುದು ಬೆಳಿಗ್ಗೆ, ಗಾಡಿ ಓಡುವ ಮೊದಲು, ಅಥವಾ ಮನೆಯ ಹತ್ತಿರದ ಅಂಗಡಿಯಲ್ಲಿ. ಹೆಬ್ಬೆರಳಿನಿಂದ ಒತ್ತಿ "ಸರಿಯಾಗಿದೆ" ಅನ್ನುವುದು ಬೇಡ. 20ಕ್ಕೂ 28ಕ್ಕೂ ಇರುವ ವ್ಯತ್ಯಾಸ ಬೆರಳಿಗೆ ತಿಳಿಯುವುದಿಲ್ಲ.

ಹಾಗೆಂದು ಮಿತಿಮೀರಿ ತುಂಬಿಸಲೂಬಾರದು. ಆಗ ನೆಲಕ್ಕೆ ತಾಗುವ ರಬ್ಬರು ಕಿರಿದಾಗಿ ಬ್ರೇಕಿಗೆ ಹಿಡಿತ ಸಾಲದು. ಕೊಡಗು, ಚಿಕ್ಕಮಗಳೂರಿನ ಚಳಿಯ ಬೆಳಗಿನಲ್ಲಂತೂ ರಬ್ಬರೇ ಗಟ್ಟಿಯಾಗಿರುತ್ತದೆ. ಮೊದಲ ಕೆಲವು ಕಿಲೋಮೀಟರ್ ತಿರುವುಗಳಲ್ಲಿ ಹೆಚ್ಚು ವಾಲಿಸದೆ ನಿಧಾನ ಹೋಗಿ.

ಚೈನ್ ಕವರಿನ ಮೇಲೆ ಅಥವಾ ಅದರ ಆಸುಪಾಸಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಹಿಂದಿನ ಟೈರಿಗೆ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ: ಒಬ್ಬರಿಗೊಂದು, ಇಬ್ಬರಿಗೊಂದು. ಎರಡನೆಯದನ್ನು ಓದುವವರೇ ಕಡಿಮೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಊರಿಗೆ ಹೊರಡುವ ಮುನ್ನ ದಯವಿಟ್ಟು ಅದನ್ನು ಓದಿ, ಅಷ್ಟು ಗಾಳಿ ತುಂಬಿಸಿಕೊಳ್ಳಿ.