ಪರದೆಯ ಹಿಂದಿನ ಸಂಗೀತಕ್ಕೆ ಕೇಳುಗರೇ ಆಸರೆ

(ಸಂಗೀತಾಸಕ್ತರ ಕೂಟವೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ವರ್ಷ ಮುಗಿಯುತ್ತಾ ಬಂದಂತೆ ಜಗತ್ತಿನ ಹಲವೆಡೆ ಒಂದು ಬಗೆಯ ರಸಿಕರು ಪಟ್ಟಿ ಮಾಡಲು ಕೂರುತ್ತಾರೆ. ಈ ವರ್ಷದ ಸಿನಿಮಾಗಳಲ್ಲಿ ಯಾವುದರ ಹಿನ್ನೆಲೆ ಸಂಗೀತ ಮೆಚ್ಚಿಗೆಯಾಯಿತು, ವಿಡಿಯೋ ಗೇಮ್‌ಗಳಲ್ಲಿ ಯಾವುದರ ಸಂಗೀತ ಮನಸ್ಸಿನಲ್ಲಿ ಉಳಿಯಿತು ಎಂದು ಪರಸ್ಪರ ಹೇಳಿಕೊಳ್ಳುತ್ತಾರೆ. ಇಲ್ಲಿ ಮಾತು ಹಾಡುಗಳದ್ದಲ್ಲ. ದೃಶ್ಯದ ಬೆನ್ನಿಗೆ ನಿಂತು ದುಡಿಯುವ ಸಂಗೀತದ್ದು. ಇದು ಬಿಡುವಿನ ಹವ್ಯಾಸವೆಂದು ತೋರಬಹುದು. ಆದರೆ ಇಂಥ ಸಂಗೀತದ ಉಳಿವು ಬಹುಮಟ್ಟಿಗೆ ಈ ಹವ್ಯಾಸವನ್ನೇ ನಂಬಿಕೊಂಡಿದೆ ಎಂಬುದು ನನ್ನ ವಾದ.

ಮೊದಲು ಸಿನಿಮಾವನ್ನೇ ತೆಗೆದುಕೊಳ್ಳೋಣ. 1960ರಲ್ಲಿ ಬಂದ ಹಿಚ್‌ಕಾಕ್‌ನ 'ಸೈಕೋ' ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಿಂದ ಸಂಗೀತ ಹೆಣೆದ. ಸ್ನಾನಗೃಹದ ಕೊಲೆಯ ದೃಶ್ಯದಲ್ಲಿ ಚೀರುವ ಆ ಪಿಟೀಲುಗಳನ್ನು ಕೇಳಿ ಬೆಚ್ಚದವರು ವಿರಳ. ಆದರೂ ಆ ಸಂಗೀತ ಆಸ್ಕರ್ ನಾಮಕರಣವನ್ನೂ ಪಡೆಯಲಿಲ್ಲ. 1970ರ ದಶಕದಲ್ಲಿ ಎಲ್ಮರ್ ಬರ್ನ್‌ಸ್ಟೀನ್ ಎಂಬ ಹಾಲಿವುಡ್ ಸಂಗೀತಗಾರ ಹಳೆಯ ಚಿತ್ರಗಳ ಹಿನ್ನೆಲೆ ಸಂಗೀತವನ್ನು ಹೊಸದಾಗಿ ನುಡಿಸಿ, ಧ್ವನಿಮುದ್ರಿಸಿ, ಚಂದಾದಾರರಿಗೆ ಅಂಚೆಯಲ್ಲಿ ಕಳಿಸುವ ಒಂದು ಕ್ಲಬ್ಬನ್ನೇ ನಡೆಸಿದ. ಹಳೆಯ ಸಂಗೀತ ಹೊಸ ಕಿವಿಗಳನ್ನು ಮುಟ್ಟಿದ್ದು ಹೀಗೆ ಚಂದಾ ಕೊಟ್ಟ ಅಭಿಮಾನಿಗಳಿಂದ.

ವಿಡಿಯೋ ಗೇಮ್‌ಗಳ ಕಥೆ ಇನ್ನೂ ಕುತೂಹಲಕರ. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ಫ್ಯಾಮಿಕಾಮ್ ಯಂತ್ರದಲ್ಲಿ ಒಮ್ಮೆಗೆ ಐದು ಧ್ವನಿಗಳಿಗಷ್ಟೇ ಅವಕಾಶ. ಅಷ್ಟರಲ್ಲೇ ಕೋಜಿ ಕೊಂಡೊ 1985ರಲ್ಲಿ 'ಸೂಪರ್ ಮಾರಿಯೋ ಬ್ರದರ್ಸ್'ಗೆ ಸಂಗೀತ ಕೊಟ್ಟರು. ಸಿನಿಮಾದ ಸಂಗೀತಗಾರನಿಗೆ ದೃಶ್ಯ ಎಷ್ಟು ಸೆಕೆಂಡಿನದು ಎಂಬುದು ಗೊತ್ತಿರುತ್ತದೆ. ಆಟದಲ್ಲಿ ಹಾಗಲ್ಲ, ಆಡುವವನು ಒಂದೇ ಕಡೆ ಎರಡು ನಿಮಿಷ ನಿಂತಾನು, ಇಲ್ಲವೇ ಎರಡು ಗಂಟೆ. ಆದ್ದರಿಂದ ರಾಗ ಸುತ್ತಿ ಸುತ್ತಿ ಬರಬೇಕು, ಬೇಸರವನ್ನೂ ತರಿಸಬಾರದು. ನೂರಾರು ಬಾರಿ ಕೇಳಿದರೂ ಸವಕಲಾಗದ ರಾಗ ಆಡಿದವನ ಬದುಕಿಗೇ ಅಂಟಿಕೊಳ್ಳುತ್ತದೆ. ಅವನ ಮೆಚ್ಚಿಗೆಯ ಪಟ್ಟಿಯ ಹಿಂದೆ ಅಷ್ಟು ಗಂಟೆಗಳ ಆಲಿಕೆ ಇದೆ.

ಇಂಥವರ ಮೆಚ್ಚಿಗೆಗೆ ಎಷ್ಟು ಬಲವಿದೆ ಎಂಬುದನ್ನು ಬ್ರಿಟನ್ನಿನ 'ಕ್ಲಾಸಿಕ್ ಎಫ್‌ಎಂ' ರೇಡಿಯೋ ಕಂಡಿತು. ಅಲ್ಲಿ 1996ರಿಂದ ಪ್ರತಿವರ್ಷ ಕೇಳುಗರು ತಮ್ಮ ಮೆಚ್ಚಿನ ಮೂರು ಕೃತಿಗಳಿಗೆ ಮತ ಹಾಕುತ್ತಾರೆ. ಈಸ್ಟರ್ ಹಬ್ಬದ ಹೊತ್ತಿಗೆ ಮುನ್ನೂರು ಕೃತಿಗಳ ಪಟ್ಟಿ ಹೊರಬರುತ್ತದೆ. 2012ರಲ್ಲಿ ಗೇಮ್ ಅಭಿಮಾನಿಗಳು ಒಗ್ಗೂಡಿ ಮತ ಹಾಕಿದರು. 'ಫೈನಲ್ ಫ್ಯಾಂಟಸಿ' ಆಟಕ್ಕೆ ನೊಬುವೊ ಉಎಮಾತ್ಸು ರಚಿಸಿದ ಕೃತಿಯೊಂದು 16ನೇ ಸ್ಥಾನಕ್ಕೆ ಬಂತು. ಮರುವರ್ಷ ಅದೇ ಆಟದ ಸರಣಿಗೆ 3ನೇ ಸ್ಥಾನ, 'ದಿ ಎಲ್ಡರ್ ಸ್ಕ್ರೋಲ್ಸ್' ಸರಣಿಗೆ 5ನೇ ಸ್ಥಾನ!

ಗುಂಪು ಕಟ್ಟಿ ಹಾಕಿದ ಮತ ರಸಿಕತೆಯೇ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಮತಗಳ ಎಣಿಕೆ ಕೃತಿಯ ಯೋಗ್ಯತೆಯನ್ನು ಅಳೆಯಲಾರದು. ಆದರೆ ಇಂಥ ಪಟ್ಟಿ ತೀರ್ಪಲ್ಲ, ಪರಿಚಯಪತ್ರ. ಅದು ಹೇಳುವುದಿಷ್ಟೆ: ನಾನು ಇದನ್ನು ಕೇಳಿದ್ದೇನೆ, ನೀವೂ ಕೇಳಿ ನೋಡಿ. ಕೇಳಿದ ಮೇಲೆ ಒಪ್ಪುವುದು ಬಿಡುವುದು ಅವರವರ ಕಿವಿಗೆ ಸೇರಿದ್ದು.

ದೊಡ್ಡ ಸಂಸ್ಥೆಗಳು ಬಂದದ್ದು ಆನಂತರ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯ ದಿನ ಆಟಗಾರರ ಪಥಸಂಚಲನಕ್ಕೆ ಗೇಮ್‌ಗಳ ಸಂಗೀತವನ್ನೇ ನುಡಿಸಿದರು. 2022ರಲ್ಲಿ ಲಂಡನ್ನಿನ ಪ್ರಸಿದ್ಧ 'ಪ್ರಾಮ್ಸ್' ಕಛೇರಿ ಮಾಲೆಯಲ್ಲಿ ಅದಕ್ಕೆಂದೇ ಒಂದು ಸಂಜೆ ಮೀಸಲಾಯಿತು. ಮಾರಿಯೋ ರಾಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಧ್ವನಿಮುದ್ರಣ ದಾಖಲೆಗೆ ಸೇರಿದ್ದು 2023ರಲ್ಲಿ. ಗ್ರ್ಯಾಮಿಯ ಪ್ರತ್ಯೇಕ ವಿಭಾಗದಲ್ಲಿ ಮೊದಲ ಗೇಮ್ ಸಂಗೀತ ಪ್ರಶಸ್ತಿ ಸಂದದ್ದೂ ಅದೇ ವರ್ಷ. ಕೇಳುಗರು ಮೊದಲು, ಗೌರವ ನಂತರ.

ಇನ್ನು ನಮ್ಮ ಮನೆಯ ಮಾತು. ನಾವು ಹಾಡಿಗೆ ಸೋತ ಜನ. ಚಿತ್ರ ಮರೆತರೂ ಹಾಡಿನ ಪಲ್ಲವಿ ಮರೆಯುವುದಿಲ್ಲ. ಹಿನ್ನೆಲೆ ಸಂಗೀತಕ್ಕೆ ಬೇರೆಯಾಗಿ ರಾಷ್ಟ್ರಪ್ರಶಸ್ತಿ ನಿಯಮಿತವಾಗಿ ಸಿಗತೊಡಗಿದ್ದೇ 2009ರ ಸಾಲಿನ ಚಿತ್ರಗಳಿಂದ. ಆ ಸಾಲಿನಲ್ಲಿ ಅದನ್ನು ಪಡೆದ ಇಳಯರಾಜ, ಹಿಂದೆ ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ದುಡಿದವರು. ಆ ವೆಂಕಟೇಶ್ ಅವರ ಹಾಡುಗಳನ್ನು ಗುನುಗುವ ನಮ್ಮಲ್ಲಿ, ಅವರ ಹಿನ್ನೆಲೆ ಸಂಗೀತದ ಒಂದು ತುಣುಕನ್ನಾದರೂ ಇದು ಇಂಥ ಚಿತ್ರದ್ದು ಎಂದು ಗುರುತಿಸಬಲ್ಲವರು ಎಷ್ಟು ಮಂದಿ? 'ಉಳಿದವರು ಕಂಡಂತೆ', 'ಕಾಂತಾರ' ಚಿತ್ರಗಳಲ್ಲಿ ಅಜನೀಶ್ ಲೋಕನಾಥ್ ಮಾಡಿದ ಕೆಲಸವನ್ನು ಹಾಡಿನಿಂದ ಬೇರ್ಪಡಿಸಿ ಕೇಳುವ ಹುಡುಗರು ಈಗ ಇದ್ದಾರೆ ಎಂಬುದೇ ಸಮಾಧಾನ.

ನನ್ನ ಕೋರಿಕೆ ಚಿಕ್ಕದು. ಈ ವರ್ಷ ನೋಡಿದ ಚಿತ್ರಗಳಲ್ಲಿ ಹಾಡನ್ನು ಬಿಟ್ಟು ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಸಂಗೀತವನ್ನು ಆರಿಸಿ. ಅದನ್ನು ರಚಿಸಿದವರ ಹೆಸರನ್ನು ಕೇಳಿ ತಿಳಿದುಕೊಳ್ಳಿ. ಆ ಹೆಸರನ್ನು ಇನ್ನೊಬ್ಬರಿಗೆ ಹೇಳಿ.