ಗೋಸುಂಬೆಯ ದಾಹ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಹಕ್ಕಿಗಳಿಗೆಂದು ಬೋಗುಣಿಯಲ್ಲಿ ನೀರಿಡುತ್ತೇವೆ. ತೊಗರಿ ಹೊಲದ ಬೇಲಿಜಾಲಿಯಲ್ಲಿ ಕೂತ ಗೋಸುಂಬೆಗೆ ಆ ನೀರು ಬಹುಮಟ್ಟಿಗೆ ನೀರೆಂದೇ ತಿಳಿಯದು. ಅದು ಕುಡಿಯುವುದು ಎಲೆಯ ಮೇಲಿನ ಹನಿಯನ್ನು. ಬಾಯಾರಿ ಬಳಲಿದರೆ ಉಬ್ಬಿದ ಕಣ್ಣು ಗುಳಿಬೀಳುತ್ತದೆ, ಹಗಲಲ್ಲೇ ರೆಪ್ಪೆ ಮುಚ್ಚುತ್ತದೆ, ತೊಗಲು ಸುಕ್ಕಾಗುತ್ತದೆ. ಕನಿಕರವೆಂದು ಬಾಯಿ ಬಿಡಿಸಿ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದೀತು. ನೆರಳಿನ ಕೊಂಬೆಗೆ ಬಿಟ್ಟು, ಎಲೆಗಳಿಗೆ ಸಣ್ಣಗೆ ನೀರು ಚಿಮುಕಿಸಿ, ದೂರ ನಿಲ್ಲಿ. ನಿಧಾನಕ್ಕೆ ನೆಕ್ಕುತ್ತದೆ, ಅವಸರ ಅದರ ಜಾಯಮಾನವಲ್ಲ. ಪಕ್ಷ ಬದಲಿಸುವವರಿಗೆ ಅದರ ಹೆಸರಿಟ್ಟಿದ್ದೇವೆ; ಪಾಪ, ಅದು ಬಣ್ಣ ಬದಲಿಸುವುದು ಬಿಸಿಲಿಗೆ, ಭಯಕ್ಕೆ, ಸಿಟ್ಟಿಗೆ. ಸಾಕಲು ಮಾತ್ರ ಮನೆಗೆ ತರಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಚೇತರಿಸದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಪಶುವೈದ್ಯರು ನೋಡಲಿ.