ಘಟ್ಟ ಹತ್ತಿ ಬಂದ ಹೊಸ ತೆನೆ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ದೇವಾಲಯದ ಕಟ್ಟಡದ ಚರಿತ್ರೆಯನ್ನೂ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಚರಿತ್ರೆಯನ್ನೂ ಬಲ್ಲವರು ಈಗಾಗಲೇ ನಿಮ್ಮ ಮುಂದಿಟ್ಟಿದ್ದಾರೆ. ನಮಗೆ ಒಪ್ಪಿಸಿದ ವಿಷಯ ಅವುಗಳಿಗಿಂತ ಸಣ್ಣದು. ಊರು ಬಿಟ್ಟು ಈ ಕಾಫಿ ಸೀಮೆಗೆ ಬಂದ ನಮ್ಮ ಹಿರಿಯರು ಯಾವ ಊಟಕ್ಕಾಗಿ ಹಂಬಲಿಸುತ್ತಿದ್ದರು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದು ನಮಗೆ ಅಪ್ಪಣೆಯಾಗಿದೆ. ದೇವಾಲಯದ ವೇದಿಕೆಯಲ್ಲಿ ಅಡುಗೆಮನೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಯೇಸುಸ್ವಾಮಿ ತಮ್ಮ ಸ್ಮರಣೆಯನ್ನು ನಮಗೆ ಬಿಟ್ಟುಹೋದದ್ದು ಒಂದು ಊಟದ ಪಂಕ್ತಿಯಲ್ಲಿಯೇ ಅಲ್ಲವೇ? ಪುನರುತ್ಥಾನದ ಬಳಿಕ ಗಲಿಲೇಯದ ಸರೋವರದ ದಡದಲ್ಲಿ ಶಿಷ್ಯರಿಗಾಗಿ ಕೆಂಡದ ಮೇಲೆ ಮೀನು ಬೇಯಿಸಿಟ್ಟು ಕಾದವರೂ ಅವರೇ. ಆ ಧೈರ್ಯದಿಂದ ಮಾತನ್ನು ಮುಂದುವರಿಸುತ್ತೇವೆ.

ಸಂಖ್ಯಾಕಾಂಡದ ಹನ್ನೊಂದನೆಯ ಅಧ್ಯಾಯವನ್ನು ತಾವೆಲ್ಲರೂ ಕೇಳಿದ್ದೀರಿ. ಮರಳುಗಾಡಿನಲ್ಲಿ ಮನ್ನಾ ತಿಂದು ಬೇಸತ್ತ ಇಸ್ರಯೇಲರು ಈಜಿಪ್ಟಿನ ಮೀನನ್ನೂ, ಸೌತೆಕಾಯಿ ಕರಬೂಜಗಳನ್ನೂ, ಈರುಳ್ಳಿ ಬೆಳ್ಳುಳ್ಳಿಗಳನ್ನೂ ನೆನೆದು ಅತ್ತರು. ಇದು ಅವರ ಕೃತಘ್ನತೆಯೆಂದು ನಾವು ಪ್ರಬೋಧನೆಗಳಲ್ಲಿ ಕೇಳುತ್ತ ಬಂದಿದ್ದೇವೆ. ಅದು ನಿಜವೇ. ಆದರೂ ಮನೆ ಬಿಟ್ಟು ದೂರ ಹೋದ ಯಾರಿಗಾದರೂ ಆ ಅಳು ಅರ್ಥವಾಗುತ್ತದೆ. ಗುಲಾಮಗಿರಿಯ ನಾಡಿನಿಂದ ಬಿಡುಗಡೆ ಹೊಂದಿ ಬಂದವರ ನಾಲಿಗೆಯ ಮೇಲೆ ಉಳಿದದ್ದು ಹಿತ್ತಿಲ ತರಕಾರಿಗಳ ಹೆಸರುಗಳು. ಮನುಷ್ಯನ ಕಾಲು ಎಷ್ಟು ದೂರ ನಡೆದರೂ ನಾಲಿಗೆ ನಿಧಾನವಾಗಿಯೇ ಹಿಂಬಾಲಿಸುತ್ತದೆ.

ನಮ್ಮ ಈ ಧರ್ಮಕೇಂದ್ರದ ಮೊದಲ ಕುಟುಂಬಗಳೂ ಹಾಗೆಯೇ ಬಂದವು. ಕರಾವಳಿಯಿಂದ ಚಾರ್ಮಾಡಿ ಘಟ್ಟ ಹತ್ತಿ ಬಂದವರು ತೋಟಗಳಲ್ಲಿ ರೈಟರರಾಗಿ, ಮೇಸ್ತ್ರಿಗಳಾಗಿ, ಬಡಗಿಗಳಾಗಿ, ಆಳುಗಳಾಗಿ ದುಡಿದರು. ತಮಿಳುನಾಡಿನಿಂದಲೂ, ಕೇರಳದಿಂದಲೂ, ಹಾಸನದ ಬಯಲುಸೀಮೆಯಿಂದಲೂ ಜನ ಬಂದರು. ಸಂಜೆಯ ಹೊತ್ತು ಲೈನ್ ಮನೆಗಳ ಮುಂದೆ ನಡೆದರೆ ಒಂದೊಂದು ಬಾಗಿಲಿನಿಂದ ಒಂದೊಂದು ನಾಡಿನ ಒಗ್ಗರಣೆಯ ಪರಿಮಳ ಬರುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು. ಕೇರಳದವರಿಗೆ ಮರಗೆಣಸು ಮತ್ತು ಮೀನಿನ ಸಾರು ಬೇಕು. ಹಾಸನದವರಿಗೆ ರಾಗಿಮುದ್ದೆ ಮತ್ತು ಅವರೆಕಾಳಿನ ಸಾರಿಲ್ಲದೆ ಊಟ ಮುಗಿಯದು. ನಾವು ಕರಾವಳಿಯ ಮೂಲದವರಾದುದರಿಂದ ಆ ಮನೆಗಳ ಅನುಭವವನ್ನೇ ಹೆಚ್ಚಾಗಿ ಹೇಳುತ್ತೇವೆ, ಉಳಿದವರು ಕ್ಷಮಿಸಬೇಕು.

ಕರಾವಳಿಯವರಿಗೆ ಮೊದಲು ಕಾಡಿದ್ದು ಮೀನಿನ ಅಭಾವ. ಸಮುದ್ರದ ಬದಿಯಲ್ಲಿ ಶುಕ್ರವಾರದ ಮಾಂಸವರ್ಜನೆ ಯಾರಿಗೂ ಭಾರವಾಗಿರಲಿಲ್ಲ. ಅಂದು ಬಂಗುಡೆಯೋ ಭೂತಾಯಿಯೋ ತಟ್ಟೆಗೆ ಬರುತ್ತಿತ್ತು. ವ್ರತವೂ ಆಯಿತು, ರುಚಿಯೂ ಆಯಿತು! ಘಟ್ಟದ ಮೇಲೆ ಬಂದ ಮೇಲೆಯೇ ಶುಕ್ರವಾರವು ನಿಜವಾದ ವ್ರತವಾಯಿತೆಂದು ನಮ್ಮ ಅಜ್ಜಿ ನಗುತ್ತ ಹೇಳುತ್ತಿದ್ದರು. ತಪಸ್ಸುಕಾಲದ ಶುಕ್ರವಾರಗಳಲ್ಲಿ ಹಲಸಿನ ಬೀಜ, ಮಾವಿನ ಮಿಡಿಯ ಉಪ್ಪಿನಕಾಯಿ, ಗಂಜಿ. ಬಂಧುಗಳು ಕೊಟ್ಟ ಒಣಮೀನು ಮುಗಿಯುವವರೆಗೆ ದಿನಕ್ಕೊಂದು ತುಂಡು. ಮಳೆಗಾಲ ಬಂತೆಂದರೆ ಬಿದಿರಿನ ಕಳಲೆ, ಕೆಸುವಿನ ಎಲೆಯ ಪತ್ರೊಡೆ. ಇವನ್ನು ಬೇಯಿಸುವ ಬಗೆಯನ್ನು ನೆರೆಮನೆಯ ಮಲೆನಾಡಿನ ಹೆಂಗಸರಿಂದ ಕೇಳಿ ತಿಳಿದು ಹದ ಮಾಡಿಕೊಂಡರು. ಇಂದು ಅವಿಲ್ಲದೆ ನಮಗೆ ಮಳೆಗಾಲವೇ ಆಗುವುದಿಲ್ಲ.

ಎರಡನೆಯ ಕೊರತೆ ಸಾನ್ನಾಂ. ಮದುವೆಗೂ ಹಬ್ಬಕ್ಕೂ ಹಂದಿಮಾಂಸದ ಬಾಫಾತಿನ ಜೊತೆಗೆ ಈ ಬಿಳಿಯ ಮೆತ್ತನೆಯ ತಿಂಡಿ ಬೇಕೇ ಬೇಕು. ಅಕ್ಕಿಹಿಟ್ಟು ಉಬ್ಬಲು ತೆಂಗಿನ ಮರದ ತಾಜಾ ಕಳ್ಳು ಅಗತ್ಯ. ಕರಾವಳಿಯಿಂದ ತಂದ ಕಳ್ಳು ಘಟ್ಟ ಹತ್ತುವಷ್ಟರಲ್ಲಿ ಹುಳಿಯಾಗುತ್ತಿತ್ತು. ಮೇಲಾಗಿ ಈ ಚಳಿಯಲ್ಲಿ ಹಿಟ್ಟು ಬೇಗನೆ ಹುದುಗುವುದಿಲ್ಲ. ಕಡೆಗೆ ಯಾರೋ ಕಾಡಿನ ಬೈನೆ ಮರದ ಕಳ್ಳನ್ನು ಬೆರೆಸಿ ನೋಡಿದರು. ಹಿಟ್ಟಿನ ಪಾತ್ರೆಯನ್ನು ಕಂಬಳಿಯಿಂದ ಸುತ್ತಿ ಒಲೆಯ ಬದಿಯಲ್ಲಿ ಇರಿಸಿದರು. ಬೆಳಗಾಗುವಾಗ ಹಿಟ್ಟು ಉಬ್ಬಿತ್ತು. ಊರಿನ ರುಚಿಯಲ್ಲ, ಆದರೆ ಹಬ್ಬ ನಿಲ್ಲಲಿಲ್ಲ. ಈಗ ಅಂಗಡಿಯ ಯೀಸ್ಟ್ ಇದೆ, ಆ ಕಷ್ಟವಿಲ್ಲ.

ಇಲ್ಲಿ ಒಂದು ಮಾತನ್ನು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಅನಾದಿಕಾಲದಿಂದ ನಮ್ಮದೆಂದು ನಾವು ಹೆಮ್ಮೆಪಡುವ ಈ ಅಡುಗೆಯೂ ವಲಸೆಯ ಅಡುಗೆಯೇ. ನಮ್ಮ ಪೂರ್ವಜರು ಗೋವೆಯನ್ನು ಬಿಟ್ಟು ಕೆನರಾ ಸೀಮೆಗೆ ಬಂದವರು. ಅವರ ಒಲೆಯ ಮೇಲಿನ ಕೆಂಪು ಮೆಣಸಿನಕಾಯಿ ಅಮೆರಿಕದ ಬೆಳೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಬಂದದ್ದು. ಅದಕ್ಕೆ ಮುಂಚೆ ಈ ನಾಡಿನಲ್ಲಿ ಖಾರವೆಂದರೆ ಕಾಳುಮೆಣಸು. ಗೇರುಮರ ಬ್ರೆಜಿಲಿನಿಂದ ಬಂದದ್ದು. ಬಾಫಾತಿಗೆ ಬಣ್ಣ ಕೊಡುವ ಬ್ಯಾಡಗಿ ಮೆಣಸಿನಕಾಯಿ ಘಟ್ಟದ ಮೇಲಿನಿಂದ ಕರಾವಳಿಗೆ ಇಳಿದುಬರುತ್ತದೆ. ಹೀಗಿರುವಾಗ ನಾವು ‘ಊರಿನ ರುಚಿ’ ಎಂದು ಕಣ್ಣೀರಿಡುವುದು ಎಂದೋ ಒಂದು ದಿನ ಅಪರಿಚಿತವಾಗಿದ್ದ ಪದಾರ್ಥಗಳಿಗಾಗಿ. ಹೊಸದನ್ನು ಒಲೆಯ ಮೇಲಿಡಲು ಅಂದಿನವರು ಅಂಜಿದ್ದರೆ ಇಂದು ನಾವು ಹಂಬಲಿಸುವುದಕ್ಕೆ ಏನೂ ಇರುತ್ತಿರಲಿಲ್ಲ.

ಇನ್ನು ಮೊಂತಿ ಹಬ್ಬದ ವಿಷಯ. ಸೆಪ್ಟೆಂಬರ್ 8ರಂದು ಕನ್ಯಾ ಮರಿಯಮ್ಮನವರ ಜನನೋತ್ಸವ. ಒಂಬತ್ತು ದಿನ ಮಕ್ಕಳು ಹೂವಿನ ಬುಟ್ಟಿ ಹಿಡಿದು ಬರುತ್ತಾರೆ. ಹಬ್ಬದಂದು ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸುತ್ತಾರೆ. ಮನೆಮನೆಗೆ ಕೊಟ್ಟ ತೆನೆಯ ಕಾಳುಗಳನ್ನು ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಇಡೀ ಕುಟುಂಬ ಒಟ್ಟಿಗೆ ಉಣ್ಣುತ್ತದೆ. ಆ ದಿನದ ಊಟ ಬರೀ ತರಕಾರಿಯದು. ಈ ಕ್ರಮವನ್ನು 1763ರಲ್ಲಿ ಫರಂಗಿಪೇಟೆಯಲ್ಲಿ ವಂದನೀಯ ಜೊವಾಕಿಂ ಮಿರಾಂದಾ ಸ್ವಾಮಿಗಳು ಆರಂಭಿಸಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ.

ಘಟ್ಟದ ಮೇಲೆ ಈ ಹಬ್ಬಕ್ಕೊಂದು ತೊಡಕಿತ್ತು. ಕರಾವಳಿಯ ಮುಂಗಾರು ಪೈರು ಸೆಪ್ಟೆಂಬರಿನಲ್ಲಿ ತೆನೆ ಬಿಡುತ್ತದೆ. ಮಲೆನಾಡಿನ ಗದ್ದೆಯಲ್ಲಿ ನಾಟಿ ಮುಗಿದು ಆಗ ಹೆಚ್ಚು ದಿನಗಳಾಗಿರುವುದಿಲ್ಲ, ಕೊಯ್ಲು ಚಳಿಗಾಲಕ್ಕೆ. ತೆನೆಯಿಲ್ಲದೆ ತೆನೆಹಬ್ಬ ಮಾಡುವುದು ಹೇಗೆ? ಆದುದರಿಂದ ಪ್ರತಿವರ್ಷ ಯಾರಾದರೊಬ್ಬರು ಮಳೆಯಲ್ಲಿ ಘಟ್ಟ ಇಳಿದು, ಬಂಧುಗಳ ಗದ್ದೆಯಿಂದ ತೆನೆಯ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ನಾವು ಚಿಕ್ಕವರಾಗಿದ್ದಾಗ ಬಸ್ಸು ನಿಲ್ಲುವ ಸ್ಥಳಕ್ಕೆ ಓಡಿಹೋಗಿ ಕಾಯುತ್ತಿದ್ದೆವು. ಇಂದು ನಮ್ಮ ಮಕ್ಕಳು ಬೆಂಗಳೂರಿನಲ್ಲಿ, ಮುಂಬೈಯಲ್ಲಿ, ಕುವೈತ್ ದುಬಾಯಿಗಳಲ್ಲಿ ಇದ್ದಾರೆ. ಅವರಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕಳುಹಿಸದ ತಾಯಿ ಈ ಧರ್ಮಕೇಂದ್ರದಲ್ಲಿ ವಿರಳ. ಆ ನಾಲ್ಕು ಕಾಳಿನಿಂದ ಹೊಟ್ಟೆ ತುಂಬದು. ಆದರೆ ಮನೆಯ ಪಂಕ್ತಿಯಲ್ಲಿ ತನ್ನ ಸ್ಥಳ ಖಾಲಿಯಾಗಿಯೇ ಕಾದಿದೆ ಎಂದು ಮಗನಿಗೆ ತಿಳಿಯುತ್ತದೆ.

ಪ್ರಿಯರೇ, ಇಷ್ಟೆಲ್ಲವನ್ನೂ ಬಲ್ಲ ನಾವು ಕಳೆದ ವರ್ಷದ ಹಬ್ಬದಲ್ಲಿ ಮಾಡಿದ ಒಂದು ತಪ್ಪನ್ನು ಈ ಸಭೆಯಲ್ಲಿ ಹೇಳದೆ ಕುಳಿತುಕೊಳ್ಳಲಾರೆವು. ಬಲಿಪೂಜೆಯ ಬಳಿಕ ತೆನೆ ಹಂಚುವವರಲ್ಲಿ ನಾವೂ ಇದ್ದೆವು. ಕೈಯಲ್ಲಿ ಕುಟುಂಬಗಳ ಪಟ್ಟಿ. ಪಟ್ಟಿಯ ಲೆಕ್ಕಕ್ಕೆ ಸರಿಯಾಗಿ ತೆನೆಗಳು. ಸರದಿಯ ಕಡೆಯಲ್ಲಿ ತೋಟದಲ್ಲಿ ದುಡಿಯುವ ಒಬ್ಬ ತರುಣ, ಅವನ ಹೆಂಡತಿ, ಒಂದು ಮಗು ನಿಂತಿದ್ದರು. ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯವರು. ಪ್ರತಿ ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತು, ನಮ್ಮ ಕನ್ನಡ ಗೀತೆಗಳಿಗೆ ತುಟಿ ಆಡಿಸಿ ಹೋಗುವವರು. ತರುಣ ಕೈ ಚಾಚಿದ. ನಾವು ಪಟ್ಟಿ ನೋಡಿ, ‘ನಿಮ್ಮ ಹೆಸರು ಇದರಲ್ಲಿ ಇಲ್ಲವಲ್ಲಪ್ಪ’ ಎಂದೆವು. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ‘ಪರವಾಗಿಲ್ಲ ಸಾರ್. ನಮ್ಮ ಊರಲ್ಲೂ ಉಂಟು, ಹೊಸ ಅಕ್ಕಿ ಹಬ್ಬ. ಅದಕ್ಕೆ ಕೇಳಿದೆ’ ಎಂದ. ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಏನೂ ಮಾತನಾಡದೆ ತಮ್ಮ ತೆನೆಯನ್ನು ಎರಡಾಗಿ ಮುರಿದು ಅರ್ಧವನ್ನು ಆ ಮಗುವಿನ ಕೈಗೆ ಕೊಟ್ಟರು. ನಾವು ಪಟ್ಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡೆವು. ಅಂದಿನ ಪಾಯಸ ನಮಗೆ ರುಚಿಸಲಿಲ್ಲ.

ಮರುವಾರ ನಾವು ಆ ಲೈನ್ ಮನೆಗೆ ಹೋದೆವು. ಛೋಟಾನಾಗಪುರದ ಬುಡಕಟ್ಟಿನವರಲ್ಲಿ ನವಾಖಾನಿ ಎಂಬ ಹೊಸ ಅಕ್ಕಿಯ ಹಬ್ಬವಿದೆಯೆಂದು ಅಂದೇ ತಿಳಿಯಿತು. 1885ರಲ್ಲಿ ಅಲ್ಲಿಗೆ ಹೋದ ಬೆಲ್ಜಿಯಂ ದೇಶದ ಯೇಸುಸಭೆಯ ಗುರು ಕಾನ್ಸ್ಟಂಟ್ ಲೀವನ್ಸರ ಕಾಲದಿಂದ ಆ ಸೀಮೆಯಲ್ಲಿ ವಿಶ್ವಾಸ ಹರಡಿತು. ಅವನ ಮುತ್ತಜ್ಜನೇ ಜ್ಞಾನಸ್ನಾನ ಪಡೆದಿದ್ದನಂತೆ. ಅವರು ಮಡುವಾ ಎನ್ನುವುದು ನಮ್ಮ ರಾಗಿಯೇ. ಬಿದಿರಿನ ಕಳಲೆ ಅವರಿಗೂ ಪ್ರಿಯ. ಗೂಡಿನಲ್ಲಿ ಊರಿನಿಂದ ತಂದ ಒಂದು ಬಾಟಲಿ ಸಾಸಿವೆ ಎಣ್ಣೆ ಇತ್ತು. ಮುಗಿದುಹೋದರೆ ಇಲ್ಲಿನ ಸಂತೆಯಲ್ಲಿ ಸಿಗದೆಂದು ಆಕೆ ಹನಿ ಲೆಕ್ಕದಲ್ಲಿ ಬಳಸುತ್ತಿದ್ದಳು. ಒಣಮೀನಿನ ತುಂಡುಗಳನ್ನು ಎಣಿಸಿಡುತ್ತಿದ್ದ ನಮ್ಮ ಅಜ್ಜಿಯೇ ಕಣ್ಣ ಮುಂದೆ ನಿಂತಂತಾಯಿತು.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮ ಬಿನ್ನಹ ಇಷ್ಟೆ. ಬರುವ ಮೊಂತಿ ಹಬ್ಬಕ್ಕೆ ತೆನೆಯ ಕಟ್ಟನ್ನು ತರುವಾಗ ಪಟ್ಟಿಯ ಲೆಕ್ಕಕ್ಕಿಂತ ಹೆಚ್ಚು ತರೋಣ. ಜಾರ್ಖಂಡ್ ಅಸ್ಸಾಂಗಳಿಂದ ಬಂದು ನಮ್ಮ ಜೊತೆ ಮೊಣಕಾಲೂರುವವರ ಹೆಸರುಗಳನ್ನೂ ಆ ಪಟ್ಟಿಗೆ ಸೇರಿಸೋಣ. ಸಮೂಹ ಭೋಜನದ ದಿನ ಅವರನ್ನು ಬಡಿಸಲೂ ಪಾತ್ರೆ ತೊಳೆಯಲೂ ಮಾತ್ರ ಕರೆಯದೆ, ಒಂದು ಒಲೆಯನ್ನು ಅವರಿಗೆ ಬಿಟ್ಟುಕೊಡೋಣ. ಅವರು ಬಡಿಸಿದ್ದನ್ನು ನಾವೂ ಉಣ್ಣೋಣ. ಮೊದಲ ತುತ್ತು ನಮಗೆ ಒಗ್ಗದಿರಬಹುದು. ಕಳಲೆಯ ಮೊದಲ ತುತ್ತೂ ನಮ್ಮ ಅಜ್ಜಿಗೆ ಒಗ್ಗಿರಲಿಲ್ಲವಂತೆ.

ಊರಿನ ಊಟವನ್ನು ನೆನೆದು ಹಂಬಲಿಸುವುದು ಪಾಪವಲ್ಲ. ಆ ಹಂಬಲವನ್ನು ನಮ್ಮದಷ್ಟೇ ಎಂದು ತಿಳಿದು, ಪಕ್ಕದವನ ಹಂಬಲವನ್ನು ಕಾಣದೆ ಹೋಗುವುದೇ ನಮ್ಮ ಕುಂದು. ನೂರು ವರ್ಷಗಳ ಹಿಂದೆ ನಾವೇ ಹೊಸಬರಾಗಿದ್ದೆವು. ನೆರೆಯವರು ಕಲಿಸಿದ ಅಡುಗೆಯಿಂದ ನಮ್ಮ ಮಕ್ಕಳು ಬೆಳೆದರು. ಆ ಋಣವನ್ನು ತೀರಿಸುವ ಸುದಿನ ಈಗ ಒದಗಿದೆ. ಎಲ್ಲ ದಿಕ್ಕುಗಳಿಂದ ಬಂದವರನ್ನು ಒಂದೇ ಪೀಠದ ಸುತ್ತ ಕೂಡಿಸಿ ಪರಮಪ್ರಸಾದವನ್ನು ನೀಡುವ ಪ್ರಭು, ನಮ್ಮ ಮನೆಗಳ ಪಂಕ್ತಿಯನ್ನೂ ಅಷ್ಟೇ ಉದ್ದವಾಗಿಸಲಿ. ಮರಿಯಮ್ಮನವರು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.